ಗೇರು ಮರದ ಡಾಕ್ಟ್ರು

‘ಹಾರ್ಟ್ ಫೇಲ್’ ಎಂಬ ಮಾತನ್ನು ಯಾರಾದರೂ ಅವರೆದುರು ಆಡಿದರೆ ಮುಗಿಯಿತು. ಕುರ್ಚಿಯಿಂದ ಅರ್ಧ ಎದ್ದು, ಸ್ಟೆತೊಸ್ಕೋಪನ್ನು ಮೈ ಒರೆಸುವ ಬೈರಾಸಿನ ಹಾಗೆ ಹೆಗಲಿಗೆ ಎಸೆದುಕೊಂಡು, “ಫೇಲಾಗ್ಲಿಕ್ಕೆ ಅದೆಂತ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂತಿದೆಯಾ ಮಾರಾಯ್ರೆ? ಫೇಲಾಗಿದ್ರೆ ನೀವು ಇಲ್ಲಿಗೆ ನಡ್ಕೊಂಡು ಬರ್ತಿರ್ಲಿಲ್ಲ. ನಾಲ್ಕು ಜನ ನಿಮ್ಮನ್ನು ಎತ್ತಿಕೊಂಡು ಬೇರೆ ಕಡೆಗೆ ಹೋಗ್ತಿದ್ರು. ಇದು ಪಾಸೇ. ಗ್ರೇಸ್ ಮಾರ್ಕಿನಲ್ಲಿ ಪಾಸು, ಅಷ್ಟೆ” ಎನ್ನುತ್ತಿದ್ದರು. ಎದುರು ಕೂತವರ ಮುಖಕ್ಕೆ ಸ್ವಲ್ಪ ರಕ್ತ ಬಂದ ಮೇಲೆ ನಿಧಾನಕ್ಕೆ ವಿಷಯ ಬಿಡಿಸುತ್ತಿದ್ದರು. “ತೋಟದ ಪಂಪು ಹಳತಾದ್ರೆ ಎಂತ ಆಗ್ತದೆ? ಮೇಲಿನ ತಟ್ಟಿಗೆ ನೀರು ಹತ್ತುದಿಲ್ಲ, ಕೆಳಗಿನ ತಟ್ಟಿನಲ್ಲಿ ಕೆಸರು ನಿಲ್ತದೆ. ನಿಮ್ಮ ಕಾಲಿನಲ್ಲಿ ಆದದ್ದೂ ಅದೇ. ಪಂಪು ಬದಲಾಯಿಸುವಷ್ಟು ದುಡ್ಡು ನಿಮ್ಮಲ್ಲಿಲ್ಲ, ಧೈರ್ಯ ನನ್ನಲ್ಲಿಲ್ಲ. ಇದ್ದದ್ದನ್ನೇ ಓಡಿಸುವ.”

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಮ್ಮ ಹೆಸರು ಅಚ್ಚಾಗಬೇಕೆಂದು ಅವರಿಗೆ ಬಹಳ ಆಸೆಯಿತ್ತು. “ನನ್ನ ಹೆಸರು ಅಚ್ಚಾದದ್ದು ಒಂದೇ ಸಲ, ನನ್ನ ಮದುವೆ ಕಾಗದದಲ್ಲಿ. ಅದನ್ನೂ ಜನ ಊಟ ಎಷ್ಟು ಗಂಟೆಗೆ ಅಂತ ನೋಡಿ ಬಿಸಾಡಿದ್ರು” ಎಂದು ಹೇಳಿಕೊಂಡು ನಗುತ್ತಿದ್ದರು. ಆದರೆ ಅವರು ಬಯಸಿದ್ದು ವೈದ್ಯಕೀಯ ಪತ್ರಿಕೆಯ ಅಚ್ಚನ್ನು, ನನ್ನಂಥವನ ಹರಟೆಯನ್ನಲ್ಲ. ಹಾಗಾಗಿ ನಾವೆಲ್ಲ ಕರೆಯುತ್ತಿದ್ದ ಹಾಗೆ ‘ಡಾಕ್ಟ್ರು’ ಎಂದೇ ಇರಲಿ.

ಪುತ್ತೂರಿನ ಒಂದು ಆಸ್ಪತ್ರೆಯಲ್ಲಿ ಅವರು ಹೃದಯದ ವೈದ್ಯರು. ನಾನು ಅವರ ಕೋಣೆಯ ಹೊರಗೆ ರೋಗಿಗಳನ್ನು ತೂಕದ ಮೆಷಿನಿಗೆ ಹತ್ತಿಸಿ, ಇಳಿಸಿ, ಕೇಳಬೇಕಾದ್ದನ್ನು ಕೇಳಿ ಒಳಗೆ ಕಳುಹಿಸುವವನು. ಮಧ್ಯೆ ಇದ್ದದ್ದು ಒಂದು ಪರದೆ. ಆದ್ದರಿಂದ ಅವರು ಬೈದದ್ದೆಲ್ಲ ನನಗೂ ಬೈದ ಹಾಗೆಯೇ ಕೇಳುತ್ತಿತ್ತು.

ನೀರು ತುಂಬಿದ ಕಾಲನ್ನು ನೋಡುವಾಗ ಅವರದ್ದೊಂದು ಕ್ರಮ ಇತ್ತು. ಮೊಣಕಾಲಿನ ಕೆಳಗೆ, ಎಲುಬಿನ ಮೇಲೆ ಹೆಬ್ಬೆರಳನ್ನು ಒತ್ತಿ ಹಿಡಿದು, ರೋಗಿಯ ಸಂಸಾರದ ಸುದ್ದಿಯೆಲ್ಲ ಕೇಳಿ, ಆಮೇಲೆ ಬೆರಳು ತೆಗೆಯುವರು. ಅಲ್ಲೊಂದು ಗುಂಡಿ ಬಿದ್ದಿರುತ್ತಿತ್ತು. ಅದನ್ನು ರೋಗಿಗೇ ತೋರಿಸಿ, “ನೋಡಿ, ಇಲ್ಲೊಂದು ಅಡಿಕೆ ಗಿಡ ನೆಡ್ಬಹುದು” ಎನ್ನುವರು. ಗುಂಡಿ ಸಣ್ಣದಾಗಿದ್ದರೆ, “ಅಡಿಕೆ ಆಗ್ಲಿಕ್ಕಿಲ್ಲ, ಬಸಳೆ ಸಾಕು.” ರೋಗ ಎಷ್ಟು ಮುಂದುವರಿದಿದೆ ಎಂಬುದನ್ನು ಮನೆಯವರು ಅಡಿಕೆಯೋ ಬಸಳೆಯೋ ಎಂದೇ ತಿಳಿದುಕೊಳ್ಳುತ್ತಿದ್ದರು.

ಉಪ್ಪಿನ ವಿಷಯದಲ್ಲಿ ಮಾತ್ರ ತಮಾಷೆ ಇಲ್ಲ. ಉಪ್ಪು ತಿಂದರೆ ಮೈಯಲ್ಲಿ ನೀರು ನಿಲ್ಲುತ್ತದೆ, ನೀರು ನಿಂತರೆ ಉಸಿರು ಕಟ್ಟುತ್ತದೆ ಎಂದು ಎಲ್ಲರಿಗೂ ಪಾಠ ಮಾಡುತ್ತಿದ್ದರು. ಆಲೆಟ್ಟಿಯ ಭಟ್ಟರೊಬ್ಬರು ಆ ಪಾಠವನ್ನು ಅಕ್ಷರಶಃ ಪಾಲಿಸುವವರು. ಆದರೂ ಮಳೆಗಾಲ ಬಂತೆಂದರೆ ಅವರ ಕಾಲು ದಪ್ಪ. ಒಮ್ಮೆ ಡಾಕ್ಟ್ರು ವಿಚಾರಣೆಗೆ ಕೂತರು.

“ಉಪ್ಪಿನಕಾಯಿ?”

“ಮುಟ್ಟುದಿಲ್ಲ.”

“ಹಪ್ಪಳ?”

“ರಾಮ ರಾಮ.”

“ಹಾಗಾದ್ರೆ ನಿನ್ನೆ ಮಧ್ಯಾಹ್ನ ಪಲ್ಯ ಎಂತದ್ದು?”

“ಉಪ್ಪಿನ ಸೊಳೆದು” ಎಂದರು ಭಟ್ಟರು, ತೀರ ನಿಷ್ಕಪಟವಾಗಿ.

ವರ್ಷವಿಡೀ ಉಪ್ಪುನೀರಿನ ಭರಣಿಯಲ್ಲಿ ಮುಳುಗಿ ಕೂತ ಹಲಸಿನ ಸೊಳೆ! ಡಾಕ್ಟ್ರು ಎರಡೂ ಕೈಯನ್ನು ತಲೆಯ ಮೇಲಿಟ್ಟುಕೊಂಡರು.

“ಭಟ್ರೆ, ಅದು ಉಪ್ಪಲ್ವಾ?”

“ಅದು ಹಲಸಿನಕಾಯಿ ಅಲ್ವಾ ಡಾಕ್ಟ್ರೆ?”

ಕೊಯಿಲದ ಜಾನುವಾರು ಫಾರ್ಮಿನ ಕಡೆಯ ಒಬ್ಬ ಪಶುವೈದ್ಯರು ಅವರ ಸ್ನೇಹಿತರು. ಬಂದಾಗಲೆಲ್ಲ ಇಬ್ಬರಿಗೂ ಒಂದೇ ಜಗಳ, ಯಾರ ಕೆಲಸ ಕಷ್ಟ ಎಂದು. “ನನ್ನ ರೋಗಿಗಳಿಗೆ ಮಾತು ಬರುದಿಲ್ಲ” ಎಂದು ಅವರು ಹೇಳಿದರೆ, ನಮ್ಮ ಡಾಕ್ಟ್ರು, “ನಿಮ್ಮದು ಪುಣ್ಯ. ನನ್ನ ರೋಗಿಗಳು ಮರ್ಯಾದಸ್ಥರು. ಡಾಕ್ಟ್ರಿಗೆ ಬೇಜಾರಾಗ್ತದಲ್ಲಾಂತ ಸುಳ್ಳು ಹೇಳ್ತಾರೆ. ಎಮ್ಮೆ ಹಾಗೆ ಮಾಡ್ಲಿಕ್ಕಿಲ್ಲ” ಎನ್ನುತ್ತಿದ್ದರು. ಆ ಮಾತು ಎಷ್ಟು ನಿಜ ಎಂದು ಅವರಿಗೇ ಆಗ ಗೊತ್ತಿರಲಿಲ್ಲ.

ಅವರ ಅಧ್ಯಯನದ ವಿಷಯಕ್ಕೆ ಬರುತ್ತೇನೆ. ದೊಡ್ಡ ದೊಡ್ಡ ಊರುಗಳಲ್ಲಿ ಹೊಸ ಔಷಧಿ, ಹೊಸ ಯಂತ್ರದ ಮೇಲೆ ಸಂಶೋಧನೆ ಮಾಡುತ್ತಾರೆ. ಇವರು ಹಿಡಿದದ್ದು ಹಳೆಯ, ಅಗ್ಗದ ನೀರಿನ ಗುಳಿಗೆಯನ್ನು. ಮೈಯಲ್ಲಿ ನಿಂತ ನೀರನ್ನು ಮೂತ್ರದಲ್ಲಿ ಹೊರಗೆ ಹಾಕುವ ಗುಳಿಗೆ ಅದು. ಅದನ್ನು ಎಲ್ಲರಿಗೂ ಒಂದೇ ಅಳತೆಯಲ್ಲಿ ಕೊಡುವುದು ಒಳ್ಳೆಯದೋ, ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲಿ ತೂಕ ನೋಡಿ, ನೀರು ಹೆಚ್ಚಾಗಿದ್ದರೆ ಹೆಚ್ಚು, ಕಡಿಮೆಯಾಗಿದ್ದರೆ ಕಡಿಮೆ ಮಾಡುವುದು ಒಳ್ಳೆಯದೋ? ರೋಗಿಗಳಿಗೆ ವಿಷಯ ತಿಳಿಸಿ, ಒಪ್ಪಿದವರನ್ನು ಎರಡು ಪಂಗಡ ಮಾಡಿ ನೋಡುವುದು. ಮಂಗಳೂರಿನ ದೊಡ್ಡ ಡಾಕ್ಟ್ರುಗಳ ಸಮಿತಿಯೊಂದು ಒಪ್ಪಿಗೆ ಕೊಟ್ಟು, ಮೇಲಿನಿಂದ ನೋಡಿಕೊಳ್ಳುತ್ತಿತ್ತು. ತೂಕ ನೋಡಿ ಕೊಡುವುದೇ ಗೆಲ್ಲುತ್ತದೆಂದು ಡಾಕ್ಟ್ರಿಗೆ ಪೂರಾ ನಂಬಿಕೆ. ನಿವೃತ್ತಿಯ ಮೊದಲು ಅದು ಅಚ್ಚಾಗಬೇಕು ಎಂಬುದೊಂದೇ ಅವರಿಗಿದ್ದ ಅವಸರ.

ತೂಕದ ಪಂಗಡದಲ್ಲಿ ಕಲ್ಲುಗುಂಡಿಯ ಐಸಮ್ಮ ಇದ್ದರು. ವಯಸ್ಸಾದ ಬ್ಯಾರಿ ಹೆಂಗಸು. ಮಾತಿನಲ್ಲಿ ಡಾಕ್ಟ್ರಿಗೆ ಸರಿಜೋಡಿ. ಅಧ್ಯಯನಕ್ಕೆ ಸೇರುವಾಗಲೇ, “ನನ್ನಿಂದ ನಾಲ್ಕು ಜನಕ್ಕೆ ಉಪಕಾರ ಆಗುದಾದ್ರೆ ಆಗ್ಲಿ. ಆದ್ರೆ ಡಾಕ್ಟ್ರೆ, ನಾನು ಸತ್ರೆ ಲೆಕ್ಕ ತಪ್ಪಿತು ಅಂತ ಹೇಳ್ಬಾರ್ದು” ಎಂದಿದ್ದರು. ಡಾಕ್ಟ್ರು, “ನೀವು ಸತ್ರೆ ನಾನು ಲೆಕ್ಕವನ್ನೇ ಬಿಡ್ತೇನೆ” ಎಂದು ನಕ್ಕಿದ್ದರು.

ಐಸಮ್ಮನ ಲೆಕ್ಕವೇ ತಾಳೆಯಾಗದಾಯಿತು. ತಿಂಗಳು ತಿಂಗಳೂ ಮೆಷಿನು ಹತ್ತಿದರೆ ತೂಕ ಮೇಲೆ. ಕಾಲು ಒತ್ತಿದರೆ ಅಡಿಕೆ ಗುಂಡಿ. ನಾನು ಕೇಳುವ ಪ್ರಶ್ನೆ, “ಗುಳಿಗೆ ತಗೊಂಡಿದ್ದೀರಾ?” ಅವರ ಉತ್ತರ, “ತಗೊಂಡಿದ್ದೇನೆ ಮೋನೇ.” ಬ್ಯಾರಿ ಮನೆಗಳಲ್ಲಿ ಮಗನನ್ನು ಕರೆಯುವ ಹಾಗೆ ಅವರು ನನ್ನನ್ನೂ ಮೋನೇ ಎಂದೇ ಕರೆಯುವುದು. ತಗೊಂಡೂ ನೀರು ಇಳಿಯದಿದ್ದರೆ ಡಾಕ್ಟ್ರು ಮಾಡುವುದೇನು? ಅಳತೆ ಏರಿಸಿದರು. ಮುಂದಿನ ತಿಂಗಳು ಮತ್ತೆ ಹಾಗೆಯೇ. ಮತ್ತೆ ಏರಿಸಿದರು. ಒಂದು ದಿನ ಕಲ್ಲುಗುಂಡಿಯಿಂದ ಅವರ ಸೊಸೆಯ ಫೋನು: ಅತ್ತೆ ಬಾವಿಕಟ್ಟೆಯ ಹತ್ತಿರ ಕಣ್ಣು ಕತ್ತಲೆ ಬಂದು ಬಿದ್ದಿದ್ದಾರೆ, ಕಾಲು ಒಣಗಿದ ತೆಂಗಿನ ಕೊತ್ತಳಿಗೆಯ ಹಾಗೆ ಆಗಿದೆ, ನಾಲಿಗೆ ಅಂಟುತ್ತಿದೆ. ಮೈಯಲ್ಲಿ ಇರಬೇಕಾದ ನೀರನ್ನೂ ಗುಳಿಗೆ ಎಳೆದುಹಾಕಿತ್ತು.

ಸುಳ್ಯದಲ್ಲಿ ಡ್ರಿಪ್ ಹಾಕಿಸಿ ಉಳಿಸಿಕೊಂಡದ್ದಾಯಿತು. ಡಾಕ್ಟ್ರು ಅಳತೆ ಇಳಿಸಿದರು. ಇಳಿಸಿದ ಮೇಲಿನ ತಿಂಗಳು ಐಸಮ್ಮ ಮೆಷಿನು ಹತ್ತಿದರೆ, ತೂಕ ಮೊದಲಿಗಿಂತಲೂ ಮೇಲೆ.

“ಇದೆಂತ ಕಾಲು ಮಾರಾಯ್ರೆ? ಮನೆಯಲ್ಲಿ ಇಳೀತದೆ, ಆಸ್ಪತ್ರೆಯಲ್ಲಿ ಊದ್ತದೆ. ನನ್ನ ಮುಖ ನೋಡಿದ್ರೆ ಊದುದಾ ಎಂತ?” ಎಂದು ಡಾಕ್ಟ್ರು ರೇಗಿದರು.

“ನಿಮ್ಮ ಮುಖ ನೋಡಿದ್ರೆ ಹೊಟ್ಟೆ ಉರೀತದೆ, ಕಾಲು ಊದುದಿಲ್ಲ” ಎಂದರು ಐಸಮ್ಮ.

ಅವರನ್ನು ಕಳುಹಿಸಿದ ಮೇಲೆ ಡಾಕ್ಟ್ರು ಅಧ್ಯಯನದ ಕಾಗದಗಳನ್ನು ತಿರುವಿಹಾಕಿದರು. ತೂಕದ ಪಂಗಡದಲ್ಲಿ ಇನ್ನೂ ಕೆಲವರು ಹೀಗೆಯೇ ಬೀಳುತ್ತಿದ್ದರು. ಏರಿಸಿದರೆ ಮನೆಯಲ್ಲಿ ಬೀಳುತ್ತಾರೆ, ಇಳಿಸಿದರೆ ಉಸಿರು ಕಟ್ಟಬಹುದು. “ಇನ್ನೊಂದು ಸಲ ಆ ಹೆಂಗಸು ಬಿದ್ರೆ ಏಳುದಿಲ್ಲ” ಎಂದರು. ಅವರು ತಮಾಷೆ ಇಲ್ಲದೆ ಒಂದು ವಾಕ್ಯ ಮುಗಿಸಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಆ ದಿನಗಳಲ್ಲೇ ಅವರಿಗೂ ಮೆಟ್ಟಿಲು ಹತ್ತುವಾಗ ಏದುಸಿರು ಬರತೊಡಗಿತು. ತಮ್ಮ ಕಾಲನ್ನು ತಾವೇ ಒತ್ತಿ ನೋಡಿಕೊಂಡು, ನನ್ನನ್ನು ಕರೆದು ಗುಂಡಿ ತೋರಿಸಿದರು. “ಬಸಳೆ” ಎಂದರು. ಪರೀಕ್ಷೆಯಾಯಿತು, ಪಂಪು ಇವರದ್ದೂ ಹಳತಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ಮುಚ್ಚಿಡುತ್ತಿದ್ದರೋ ಏನೋ. ಇವರು ಮರುದಿನ ಬಂದ ರೋಗಿಗಳಿಗೆಲ್ಲ, “ನಾನೂ ನಿಮ್ಮ ಪಾರ್ಟಿಗೆ ಸೇರಿದೆ. ಇನ್ನು ನನಗೆ ಬೈದ್ರೆ ಸ್ವಪಕ್ಷೀಯರಿಗೇ ಬೈದ ಹಾಗೆ” ಎಂದು ಸಾರಿಬಿಟ್ಟರು. ಬೆಳಿಗ್ಗೆ ತಿಂಡಿಯಾದ ಕೂಡಲೇ ನೀರಿನ ಗುಳಿಗೆ ನುಂಗುವುದು ಅವರ ಕ್ರಮವೂ ಆಯಿತು. ಅವರ ಮನೆ ಆಸ್ಪತ್ರೆಯ ಹಿಂದೆಯೇ. ಮನೆಯಲ್ಲಿ ಬಚ್ಚಲು, ಆಸ್ಪತ್ರೆಯಲ್ಲಿ ಅವರ ಕೋಣೆಗೇ ಹೊಂದಿಕೊಂಡ ಇನ್ನೊಂದು. ಗುಳಿಗೆಯ ಮಹಿಮೆ ಅವರಿಗೆ ತಿಳಿಯುವ ಪ್ರಸಂಗವೇ ಬರಲಿಲ್ಲ.

ಬಂದದ್ದು ಒಂದು ಮಂಗಳವಾರ. ಅವರ ಮೂಲಮನೆ ಕಲ್ಲುಗುಂಡಿಯ ಹತ್ತಿರ. ಅಲ್ಲಿ ಏನೋ ಪೂಜೆಗೆಂದು ಹೋಗಿದ್ದವರ ಕಾರು ಕೆಟ್ಟು ನಿಂತಿತು. ಮಂಗಳವಾರ ಅಧ್ಯಯನದವರು ಬರುವ ದಿನ, ತಪ್ಪಿಸುವ ಹಾಗಿಲ್ಲ. ತಿಂಡಿ ತಿಂದು, ಗುಳಿಗೆ ನುಂಗಿ, ಬೆಳಗಿನ ಬಸ್ಸು ಹತ್ತಿದರು. ಆ ಕಡೆಯ ನಮ್ಮ ರೋಗಿಗಳೆಲ್ಲ ಬರುವುದು ಅದೇ ಬಸ್ಸಿನಲ್ಲಿ. ಸುಳ್ಯದಲ್ಲಿ ದಿನಾ ಅದನ್ನೇ ಹತ್ತುವ ನಾನೂ ಹತ್ತಿದೆ. ನೋಡಿದರೆ ಡಾಕ್ಟ್ರು ಮುಂದಿನ ಸೀಟಿನಲ್ಲಿ ಮದುಮಗನ ಹಾಗೆ ಕೂತಿದ್ದಾರೆ. ಹಿಂದೆ ಐಸಮ್ಮ, ಭಟ್ಟರು, ಮತ್ತೆ ನಮ್ಮ ಗಿರಾಕಿಗಳು. ನಾನು ಪಕ್ಕದಲ್ಲಿ ಕೂತೆ. ಬಸ್ಸಿನ ಪ್ರಯಾಣ ಹೃದಯಕ್ಕೆ ಎಷ್ಟು ಒಳ್ಳೆಯದು ಎಂದು ಭಾಷಣ ಶುರುವಾಯಿತು.

ಜಾಲ್ಸೂರು ದಾಟುವಾಗ ಭಾಷಣ ನಿಂತಿತು. ಕಾಲ ಮೇಲೆ ಕಾಲು ಹಾಕಿದರು. ಕಾಲು ಬದಲಾಯಿಸಿದರು. ಮುಂದಿನ ಸರಳನ್ನು ಹಿಡಿದರು. ರಸ್ತೆಯ ಒಂದೊಂದು ತಿರುವಿಗೂ ಅವರ ಮುಖದಲ್ಲಿ ಒಂದೊಂದು ಭಾವ. ಕೊನೆಗೆ ಎದ್ದು ಕಂಡಕ್ಟರನ ಹತ್ತಿರ ಹೋದರು.

“ಸ್ವಲ್ಪ ನಿಲ್ಲಿಸಿ ಮಾರಾಯ್ರೆ.”

“ಇಲ್ಲಿ ಸ್ಟಾಪಿಲ್ಲ ಡಾಕ್ಟ್ರೆ. ಈಗ ಕಾವು ಬರ್ತದೆ.”

“ಕಾವು ಬರುವ ಮೊದಲು ಬೇರೆಂತದ್ದೋ ಬರ್ತದೆ. ಬಸ್ಸು ತೊಳೆಯುವವರು ನೀವಾ, ಡ್ರೈವರಾ?”

ಬಸ್ಸು ನಿಂತಿತು. ರಸ್ತೆಯ ಪಕ್ಕ ಗುಡ್ಡೆ. ಗುಡ್ಡೆಯಲ್ಲಿ ದೊಡ್ಡದೊಂದು ಗೇರು ಮರ. ನಮ್ಮ ಹೃದಯದ ವೈದ್ಯರು ಪಂಚೆ ಎತ್ತಿಕಟ್ಟಿ, ಏದುಸಿರನ್ನೂ ಮರೆತು, ಆ ಕಡಿದಾದ ದರೆ ಹತ್ತಿದ ವೇಗವನ್ನು ನೋಡಿದ್ದರೆ ಯಾವ ಸಮಿತಿಯೂ ಅವರಿಗೆ ಹೃದ್ರೋಗ ಇದೆಯೆಂದು ಒಪ್ಪುತ್ತಿರಲಿಲ್ಲ. ಬಸ್ಸಿನ ಮರ್ಯಾದಸ್ಥರೆಲ್ಲ ಒಟ್ಟಿಗೆ ಆಚೆ ಬದಿಯ ಕಿಟಕಿಗೆ ಮುಖ ತಿರುಗಿಸಿದರು. ಅಲ್ಲಿ ನೋಡಲಿಕ್ಕೆ ಇದ್ದದ್ದು ಒಂದು ಕಿಲೋಮೀಟರು ಕಲ್ಲು.

ಪರಮ ಶಾಂತಿಯ ಮುಖ ಹೊತ್ತು ಡಾಕ್ಟ್ರು ಬಸ್ಸು ಹತ್ತಿದರು. ಐಸಮ್ಮ ಕಾದುಕೊಂಡೇ ಇದ್ದರು.

“ಡಾಕ್ಟ್ರೆ, ನೀವು ಇವತ್ತು ಗುಳಿಗೆ ತಗೊಂಡ್ರಾ?”

“ತಗೊಂಡೆ.”

“ಅಲ್ಲಾ! ಬಸ್ಸಿನ ದಿನ ಯಾರಾದ್ರೂ ಗುಳಿಗೆ ತಗೊಳ್ತಾರಾ? ಅಷ್ಟೂ ಗೊತ್ತಾಗುದಿಲ್ವಾ?”

ಬಸ್ಸಿನಲ್ಲಿ ನಗು. ಡಾಕ್ಟ್ರೂ ನಕ್ಕರು. ಆಮೇಲೆ ಅವರ ನಗು ಅರ್ಧದಲ್ಲಿ ನಿಂತದ್ದನ್ನು ನಾನು ನೋಡಿದೆ. ಸರಳು ಹಿಡಿದುಕೊಂಡೇ ಕೇಳಿದರು, “ಹಾಗಾದ್ರೆ ನೀವು ತಗೊಳ್ಳಿಲ್ವಾ?”

ಐಸಮ್ಮ ತಲೆಯ ಬಟ್ಟೆ ಸರಿಮಾಡಿಕೊಂಡರು.

“ನಮ್ಮ ರೋಗಿಗಳು ಯಾರೆಲ್ಲ ಇದ್ದೀರಿ? ಇವತ್ತು ಗುಳಿಗೆ ತಗೊಂಡವರು ಕೈ ಎತ್ತಿ.”

ಒಂದು ಕೈಯೂ ಏಳಲಿಲ್ಲ. ಕಂಡಕ್ಟರ್ ಸೀಟಿ ಊದುವುದನ್ನೂ ಮರೆತು ನಿಂತಿದ್ದ.

“ನಿನ್ನೆ?”

ಭಟ್ಟರು ಕೈಯನ್ನು ಅರ್ಧ ಎತ್ತಿ, ಮೂಗು ತುರಿಸಿಕೊಂಡು ಇಳಿಸಿದರು. “ನಿನ್ನೆಯದ್ದು ಎಲ್ಲಿಯಾದ್ರೂ ಬೆಳಿಗ್ಗೆವರೆಗೆ ಉಳಿದ್ರೆ ಅಂತ ಒಂದು ಹೆದ್ರಿಕೆ” ಎಂದರು.

“ಮತ್ತೆ ಪ್ರತಿ ಸಲ ಕೇಳುವಾಗ ತಗೊಂಡಿದ್ದೇನೆ ಅಂತ ಹೇಳ್ತೀರಲ್ಲ ಐಸಮ್ಮ?”

“ಇಲ್ಲ ಅಂದ್ರೆ ನಿಮಗೆ ಬೇಜಾರಾಗುದಿಲ್ವಾ? ಅಷ್ಟು ಕಷ್ಟಪಟ್ಟು ಬರೆದು ಕೊಟ್ಟದ್ದು. ಯಾಕೆ ಅಂತ ಕೇಳಿದ್ರೆ ಎಂತ ಹೇಳುದು? ಈ ಪ್ರಾಯದಲ್ಲಿ ಗಂಡಸರ ಎದುರು ಅದನ್ನೆಲ್ಲ ಹೇಳ್ಲಿಕ್ಕುಂಟಾ?” ಕಿಟಕಿಯ ಹೊರಗೆ ಕೈ ತೋರಿಸಿದರು. “ನಿಮಗಾದ್ರೆ ಗೇರು ಮರ ಉಂಟು. ನಮಗೆ ಎಂತ ಉಂಟು?”

ಡಾಕ್ಟ್ರು ಬಂದು ನನ್ನ ಪಕ್ಕದಲ್ಲಿ ಕೂತರು. ಆಸ್ಪತ್ರೆಗೆ ಬರುವ ದಿನ ಮತ್ತು ಅದರ ಹಿಂದಿನ ದಿನ ಮಾತ್ರ ಗುಳಿಗೆ ಇಲ್ಲ. ಅದಕ್ಕೆ ಆ ದಿನ ಮಾತ್ರ ನೀರು. ಆ ನೀರನ್ನು ನೋಡಿ ಇವರು ಅಳತೆ ಏರಿಸುವುದು; ಮನೆಗೆ ಹೋದ ಮೇಲೆ ಅವರು ನಿಷ್ಠೆಯಿಂದ ಏರಿಸಿದ ಗುಳಿಗೆ ನುಂಗಿ, ಒಣಗಿ, ಬೀಳುವುದು. ಅಷ್ಟೂ ತಿಂಗಳು ನಾವು ತೂಗಿದ್ದು ಯಾರ ರೋಗವನ್ನೂ ಅಲ್ಲ, ಸುಳ್ಯ ಪುತ್ತೂರಿನ ರಸ್ತೆಯನ್ನು.

ಕಾವು ಬಂದಾಗ ಅವರು ಬಾಯಿ ಬಿಟ್ಟರು. “ನಮ್ಮ ಎರಡು ವರ್ಷದ ಕೆಲಸ ಗೇರು ಮರದ ಬುಡಕ್ಕೆ ಹೋಯ್ತು.”

“ಮಂಗಳೂರಿನವರಿಗೆ ಎಂತ ಹೇಳುದು?” ಎಂದೆ.

“ಅದನ್ನೇ.”

ಅದನ್ನೇ ಹೇಳಿದರು. ಅದೇ ದಿನ ಐಸಮ್ಮನ ಅಳತೆ ಮೊದಲಿದ್ದಲ್ಲಿಗೆ ಹೋಯಿತು. ಉಳಿದವರನ್ನೂ ಒಬ್ಬೊಬ್ಬರನ್ನಾಗಿ ಒಳಗೆ ಕರೆದು ಸರಿಮಾಡಿದರು. ಬೇರೆ ಬಸ್ಸಿನಲ್ಲಿ ಬರುವ ಕಡಬದವರಿಗೆ ಫೋನು ಮಾಡಿ ಕೇಳಿದರೆ, ಅಲ್ಲಿಯೂ ಅದೇ ಕತೆ. ಅಧ್ಯಯನ ನಿಂತಿತು. ಸಮಿತಿಯ ಮುಂದೆ ಡಾಕ್ಟ್ರು ಒಂದೇ ಒಂದು ಚಿತ್ರ ತೋರಿಸಿದರಂತೆ, ಗೇರು ಮರದ್ದು. ಇದೇನೆಂದು ಕೇಳಿದಾಗ, “ಇವರು ನಮ್ಮ ಪ್ರಧಾನ ಸಂಶೋಧಕರು. ನನ್ನಿಂದ ಆಗದ್ದನ್ನು ಕಂಡುಹಿಡಿದದ್ದು ಇವರೇ” ಎಂದರಂತೆ. ಸಮಿತಿಯವರು ಬೈದರೋ ನಕ್ಕರೋ, ಅವರು ಹೇಳಲಿಲ್ಲ. ಅಂತೂ ಮೊದಲಿಂದ ಶುರುಮಾಡಲು ಒಪ್ಪಿಗೆ ತಂದರು. ಈ ಸಲ ತೂಕದ ಮೆಷಿನು ರೋಗಿಗಳ ಮನೆಗೇ; ದಿನಾ ಬೆಳಿಗ್ಗೆ ನೋಡಿ ನಮಗೆ ಫೋನು ಮಾಡಬೇಕು. ತಿಂಗಳ ಭೇಟಿಗೆ ಬರುವಾಗ ಗುಳಿಗೆ ತಗೊಂಡೇ ಬಸ್ಸು ಹತ್ತಬೇಕು.

ಹತ್ತಬೇಕು ಸರಿ, ಇಳಿಯುವುದು ಎಲ್ಲಿ? ಐಸಮ್ಮನ ಪ್ರಶ್ನೆ ಅವರ ತಲೆಯಿಂದ ಹೋಗಿರಲಿಲ್ಲ. ನನ್ನನ್ನು ಕರೆದುಕೊಂಡು ಕಾವಿನ ಒಂದು ಹೋಟೆಲಿಗೆ ಹೋದರು. “ಬೆಳಗಿನ ಬಸ್ಸು ದಿನಾ ನಿಮ್ಮಲ್ಲಿ ಚಾಕ್ಕೆ ನಿಲ್ಲುವ ಹಾಗೆ ನಾನು ಮಾತಾಡ್ತೇನೆ. ನೀವು ಹಿಂದೆ ಹೆಂಗಸರಿಗೆ ಒಂದು ಪಾಯಖಾನೆ ಕ್ಲೀನಾಗಿ ಇಡ್ಬೇಕು. ಬಾಗಿಲಿಗೆ ಚಿಲಕ ಬೇಕು, ಬಕೆಟಿನಲ್ಲಿ ನೀರು ಬೇಕು” ಎಂದರು. ಹೋಟೆಲಿನವರಿಗೆ ಚಾ, ಕರಿದ ಗೋಳಿಬಜೆಯ ವ್ಯಾಪಾರ ಕಣ್ಣಿಗೆ ಕಟ್ಟಿತು; ಒಪ್ಪಿದರು. “ಆದ್ರೆ ನನ್ನ ರೋಗಿಗಳಿಗೆ ಗೋಳಿಬಜೆ ಕೊಟ್ರೆ ನಿಮ್ಮನ್ನೇ ಆ ಪಾಯಖಾನೆಯಲ್ಲಿ ಕೂಡಿ ಹಾಕ್ತೇನೆ.” ಕಂಡಕ್ಟರಂತೂ ತಾನೇ ಅಧ್ಯಯನದ ಒಬ್ಬ ಅಧಿಕಾರಿ ಎಂಬ ಹಾಗೆ ಆದ. ಎಲ್ಲರೂ ಹತ್ತಿದ ಮೇಲೆ ಬಾಗಿಲಲ್ಲಿ ನಿಂತು, “ಎಲ್ಲರದ್ದೂ ಆಯ್ತಾ?” ಎಂದು ಕೇಳದೆ ಸೀಟಿ ಊದುತ್ತಿರಲಿಲ್ಲ. ಆ ಜಾಗಕ್ಕೆ ಜನ ಈಗಲೂ ಡಾಕ್ಟ್ರ ಸ್ಟಾಪು ಎನ್ನುತ್ತಾರೆ. ಆಸ್ಪತ್ರೆಯಲ್ಲಿ ಅವರ ಕೋಣೆಯ ಬಚ್ಚಲಿನ ಬೀಗದ ಕೈಗೆ ಒಂದು ದೊಡ್ಡ ಅಡಿಕೆ ಹಾಳೆಯ ತುಂಡು ಕಟ್ಟಿ ನನ್ನ ಮೇಜಿನ ಪಕ್ಕ ತೂಗುಹಾಕಿದರು. “ಇಷ್ಟು ದೊಡ್ಡದಿದ್ರೆ ಯಾರೂ ಮರೆತು ಮನೆಗೆ ತಗೊಂಡು ಹೋಗುದಿಲ್ಲ.”

ಎರಡನೆಯ ಸಲದ್ದು ಮುಗಿಯಿತು; ತೂಕ ನೋಡಿ ಕೊಟ್ಟದ್ದೇ ಗೆದ್ದಿತು. ಐಸಮ್ಮ ಬೀಳಲಿಲ್ಲ. ಲೇಖನವೂ ಅಚ್ಚಾಯಿತು, ಅವರ ನಿವೃತ್ತಿಯಾದ ಮೇಲೆ, ಸಣ್ಣದೊಂದು ಪತ್ರಿಕೆಯಲ್ಲಿ. ಅದನ್ನು ಹಿಡಿದುಕೊಂಡು ಅವರು ಐಸಮ್ಮನಿಗೆ ತೋರಿಸಲು ಆಸ್ಪತ್ರೆಗೆ ಬಂದಿದ್ದರು.

“ನನ್ನ ಹೆಸರು ಎಲ್ಲುಂಟು?” ಎಂದರು ಐಸಮ್ಮ.

“ರೋಗಿಗಳ ಹೆಸರು ಹಾಕುವ ಹಾಗಿಲ್ಲ.”

“ಗೇರು ಮರದ್ದು?”

“ಹಾಕಿದ್ದೆ. ಪತ್ರಿಕೆಯವರು ಕಡಿದು ಹಾಕಿದ್ರು.”

“ಮತ್ತೆ ಇದ್ರಲ್ಲಿ ಎಂತ ಉಂಟು?” ಎಂದು ಐಸಮ್ಮ ಪತ್ರಿಕೆಯನ್ನು ವಾಪಸು ಕೊಟ್ಟರು. ಡಾಕ್ಟ್ರು ಉಸಿರು ಕಟ್ಟುವಷ್ಟು ನಕ್ಕರು. ಅವರಿಗಾಗಲೇ ನಕ್ಕರೂ ಉಸಿರು ಕಟ್ಟುತ್ತಿತ್ತು.

ಕಳೆದ ತಿಂಗಳು, ಒಂದು ಮಂಗಳವಾರವೇ, ಅವರು ಹೋದರು. ನಾಲ್ಕು ಜನ ಎತ್ತಿಕೊಂಡು ಹೋಗುವ ಆ ‘ಬೇರೆ ಕಡೆ’ ಕಲ್ಲುಗುಂಡಿಯ ಮೂಲಮನೆಯ ಜಾಗ. ಆಸ್ಪತ್ರೆಯ ಆಂಬ್ಯುಲೆನ್ಸು ಮುಂದೆ, ನಾವು ಕೆಲವರು ಹಿಂದೆ ಜೀಪಿನಲ್ಲಿ. ಹೊರಡುವ ಹೊತ್ತಿಗೆ, ತಪಾಸಣೆಗೆ ಬಂದಿದ್ದ ಐಸಮ್ಮ ಬಂದು ಜೀಪಿನಲ್ಲಿ ನನ್ನ ಪಕ್ಕ ಕೂತರು. “ಹೇಗೂ ಒಂದೇ ದಾರಿ ಅಲ್ವಾ ಮೋನೇ” ಎಂದು ಕಣ್ಣು ಒರೆಸಿಕೊಂಡರು.

ಕಾವಿನಲ್ಲಿ ಹೋಟೆಲಿನ ಎದುರು ಆಂಬ್ಯುಲೆನ್ಸು ನಿಂತಿತು. ಯಾರೂ ಹೇಳಿರಲಿಲ್ಲ. ಡ್ರೈವರ್ ಇಳಿದು ಬಂದು, “ಇಲ್ಲಿ ನಿಲ್ಲಿಸದೆ ಹೋದ್ರೆ ಒಳಗಿಂದ ಬೈತಾರೆ” ಎಂದ. ಹೋಟೆಲಿನವರು ಅಂಗಡಿಯ ಬಾಗಿಲು ಅರ್ಧ ಎಳೆದು ಬಂದು ಕೈಮುಗಿದರು. ಮೊದಲು ಇಳಿದದ್ದು ಐಸಮ್ಮ. ಎಲ್ಲರ ಎದುರಿನಲ್ಲೇ, ಯಾವ ಅವಸರವೂ ಇಲ್ಲದೆ, ಹೋಟೆಲಿನ ಹಿಂದಕ್ಕೆ ಹೋದರು. ಗಂಡಸರೆಲ್ಲ ಕಾದು ನಿಂತೆವು. ಕೈಕಾಲು ತೊಳೆದು ಬಂದವರು ಜೀಪಿಗೆ ಹತ್ತಲಿಲ್ಲ. ಆಂಬ್ಯುಲೆನ್ಸಿನ ಹಿಂದಿನ ಬಾಗಿಲಿನ ಗಾಜಿಗೆ ಮುಖ ತಂದು, ಅವರಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು:

“ಡಾಕ್ಟ್ರೆ, ಇವತ್ತು ಗುಳಿಗೆ ತಗೊಂಡಿದ್ದೇನೆ. ಸುಳ್ಳಲ್ಲ.”